ಮೋತಿಖಾನ್ ಯಾರು? ಸಂಗೀತದ ಒಗಟು ಕಟ್ಟುವ ನನ್ನ ಅನುಭವ

ನಮ್ಮ ಸಂಗೀತದ ಒಗಟಿನ ವಾಟ್ಸಾಪ್ ಗುಂಪಿಗೆ ಹೊಸಬರು ಯಾರಾದರೂ ಸೇರಿದರೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಮೋತಿಖಾನ್ ಯಾರು?

ಬಹಳ ಮಂದಿ ಯಾವುದೋ ಉಸ್ತಾದರ ಹೆಸರು ಅಂದುಕೊಳ್ಳುತ್ತಾರೆ. ಒಬ್ಬರು ಆಗ್ರಾ ಘರಾಣೆ, ಅಂದರೆ ಆ ಗುರುಪರಂಪರೆಯ ಗಾಯಕ ಅಂತಾರೆ. ಇನ್ನೊಬ್ಬರು, ಗಾಯಕ ಅಲ್ಲಾದಿಯಾ ಖಾನರ ಮಗ ಮಂಜಿಖಾನರ ಹೆಸರನ್ನು ತಪ್ಪು ಬರೆದಿದ್ದೀರಿ ಅಂತ ನನ್ನನ್ನೇ ತಿದ್ದುತ್ತಾರೆ. ಮೋತಿಖಾನ್ ಮನುಷ್ಯನೇ ಅಲ್ಲ, ಒಂದು ತಂಬೂರಿ. 1580ರಿಂದ 1627ರವರೆಗೆ ವಿಜಯಪುರವನ್ನು ಆಳಿದ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಮುದ್ದಿನ ತಂಬೂರಿ. ಅವನ ಆನೆಗೆ ಆತಶ್‌ಖಾನ್ ಅಂತ ಹೆಸರಿತ್ತು. ದಖನಿ ಭಾಷೆಯಲ್ಲಿ ಅವನು ಬರೆದ ‘ಕಿತಾಬ್-ಎ-ನವರಸ್’ ಹಾಡುಗಳಿಗೆ ರಾಗದ ಹೆಸರೂ ಇದೆ. ಸರಸ್ವತಿ, ಗಣಪತಿ, ಕಲಬುರಗಿಯ ಬಂದೇನವಾಜರು ಎಲ್ಲರೂ ಆ ಹಾಡುಗಳಲ್ಲಿ ಬರುತ್ತಾರೆ. ತಂಬೂರಿಯೂ ಆನೆಯೂ ಬರುತ್ತವೆ.

ಈ ಪ್ರಶ್ನೆಯನ್ನು ಮೊದಲ ಸಲ ಹಾಕಿದ ರಾತ್ರಿ ಉತ್ತರ ಸಿಕ್ಕಿದ ಮೇಲೂ ಮಾತು ನಿಲ್ಲಲಿಲ್ಲ. ವಿಜಯಪುರದ ಹೈಸ್ಕೂಲ್ ಅಕ್ಕೋರು ತೊರವಿ ಹತ್ತಿರದ ಸಂಗೀತ ಮಹಲಿನ ಫೋಟೋ ಕಳಿಸಿದರು. ಇಬ್ರಾಹಿಂ ನವರಸಪುರ ಅಂತ ಹೊಸ ಊರು ಕಟ್ಟಲು ಹೊರಟ ಜಾಗ ಅದು. "ಇಷ್ಟ್ ವರ್ಷ ಇದರ ಮುಂದನ ಹಾಯ್ದು ಹೋಗೀವಿ, ಒಳಗ ಕಾಲಿಟ್ಟಿಲ್ರೀ" ಅಂದರು ಇನ್ನೊಬ್ಬರು. ಉತ್ತರ ಗೊತ್ತಾದ ಮೇಲೆ ಮಾತು ಶುರುವಾಗಬೇಕು. ನಾನು ಪ್ರಶ್ನೆಯನ್ನು ಅಳೆಯುವುದು ಹೀಗೆ.

ನಾನು ಬೆಳಗಾವಿಯವನು. ಪೇಟಿ ಬಾರಿಸುತ್ತೇನೆ. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅಂತಲೇ ಅನ್ನುವುದು. ಗಂಧರ್ವ ಮಹಾವಿದ್ಯಾಲಯದ ಪರೀಕ್ಷೆಗಳಲ್ಲಿ ಮಧ್ಯಮಾ ತನಕ ಹೋಗಿ ಬಿಟ್ಟವನು. ಆದರೆ ಕೇಳುವುದನ್ನು ಬಿಟ್ಟಿಲ್ಲ. ಕೊರೊನಾ ಕಾಲದಲ್ಲಿ ಸಂಗೀತದ ಬೈಠಕ್‌ಗಳೆಲ್ಲ ನಿಂತಾಗ ನಾಲ್ಕೈದು ಜನ ಸೇರಿ ವಾಟ್ಸಾಪ್‌ನಲ್ಲಿ ಈ ಆಟ ಶುರು ಮಾಡಿದೆವು. ಈಗ ಭಾನುವಾರ ರಾತ್ರಿ ಊಟ ಮುಗಿದ ಮೇಲೆ ಪ್ರಶ್ನೆ ಬೀಳುತ್ತವೆ. ಬಾಗಲಕೋಟೆಯಲ್ಲಿ ಒಬ್ಬ ನಿವೃತ್ತ ಪೋಸ್ಟ್‌ಮಾಸ್ತರ್ ಇದ್ದಾರೆ, ಎಲ್ಲರಿಗೂ ಅವರು ಕಾಕಾ. ಬೈಲಹೊಂಗಲದಲ್ಲಿ ತಬಲಾ ಕಲಿಯುವ ಹುಡುಗ ಒಬ್ಬ. ಬೆಂಗಳೂರಿನಿಂದ ಕರ್ನಾಟಕ ಸಂಗೀತದ ಒಬ್ಬರು ಅಕ್ಕ. ಪುಣೆಯವರು ಇಬ್ಬರು. ಪ್ರಶ್ನೆ ಕನ್ನಡದಲ್ಲಿ, ಜಗಳ ಅರ್ಧ ಮರಾಠಿಯಲ್ಲಿ.

ಇಸವಿ ಕೇಳುವ ಪ್ರಶ್ನೆ ನನಗೆ ಸೇರುವುದಿಲ್ಲ. ಕುಮಾರ ಗಂಧರ್ವರು ಹುಟ್ಟಿದ್ದು ಯಾವಾಗ ಅಂತ ಕೇಳಿದರೆ ಎಲ್ಲರೂ ಫೋನ್ ತೆಗೆದು 1924 ಅಂತ ಬರೆಯುತ್ತಾರೆ. ಅದರಲ್ಲಿ ಏನಿದೆ? ಅದೇ ವಿಷಯವನ್ನು ನಾನು ಹೀಗೆ ಕೇಳಿದೆ: "ಸುಳೇಭಾವಿಯ ಶಿವಪುತ್ರ, ಕುಂದಗೋಳದ ರಾಮಭಾವು, ಮರಾಠಿ ರಂಗಭೂಮಿಯ ನಾರಾಯಣರಾವ್. ಮೂವರನ್ನೂ ಕಟ್ಟುವ ಒಂದು ಪದ ಯಾವುದು? ನಾಲ್ಕನೆಯವರನ್ನು ನೀವು ಸೇರಿಸಿ." ಪದ ಗಂಧರ್ವ. ಕುಮಾರ ಗಂಧರ್ವ, ಸವಾಯಿ ಗಂಧರ್ವ, ಬಾಲಗಂಧರ್ವ. ನಾಲ್ಕನೆಯವರು ಛೋಟಾ ಗಂಧರ್ವ, ಅಂದರೆ ಸೌದಾಗರ್ ಗೋರೆ. ಅದನ್ನು ಪುಣೆಯವರು ಹೇಳುತ್ತಾರೆ ಅಂತ ನನಗೆ ಗೊತ್ತಿತ್ತು. ಅವರಿಗೂ ಒಂದು ಬೇಕಲ್ವಾ. ಮರುವಾರ ಅವರನ್ನೇ ಕೇಳಿದೆ: ‘ಸಂಗೀತ ಸೌಭದ್ರ’ ನಾಟಕ ಬರೆದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ ಊರು ಯಾವುದು? ನಮ್ಮ ಜಿಲ್ಲೆಯ ಗುರ್ಲಹೊಸೂರು. ಅವತ್ತು ಬೆಳಗಾವಿಯವರಿಗೆ ಸ್ವಲ್ಪ ಜಾಸ್ತಿಯೇ ಖುಷಿ ಆಯಿತು.

ಒಂದೇ ಹೆಸರಿನ ಇಬ್ಬರು ಸಿಕ್ಕರೆ ಬಿಡಬಾರದು. ಒಮ್ಮೆ ಎರಡು ಸುಳಿವು ಕೊಟ್ಟಿದ್ದೆ. ಒಬ್ಬ ಗೌಹರ್ ಜಾನ್ 1902ರಲ್ಲಿ ಕಲ್ಕತ್ತಾದಲ್ಲಿ ರೆಕಾರ್ಡಿಂಗ್ ಕೊಟ್ಟು, ಹಾಡಿನ ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಹೇಳಿದವಳು. ಅವಳು ತೀರಿಕೊಂಡದ್ದು 1930ರಲ್ಲಿ, ಮೈಸೂರಿನಲ್ಲಿ. ಇನ್ನೊಬ್ಬ ಗೋಹರ್ ಬಾಲಗಂಧರ್ವರ ಜೊತೆ ರಂಗದ ಮೇಲೆ ನಿಂತವಳು. ಅವಳ ಊರು ಯಾವುದು, ಅವಳಿಗಿಂತ ಹೆಸರು ಮಾಡಿದ ಸಹೋದರಿ ಯಾರು? ಬೀಳಗಿ, ಮತ್ತು ಅಮೀರ್‌ಬಾಯಿ ಕರ್ನಾಟಕಿ. ಬಾಗಲಕೋಟೆಯ ಕಾಕಾ ನಿಮಿಷದೊಳಗೆ ಉತ್ತರ ಕಳಿಸಿದರು. ಆಮೇಲೆ ಅಮೀರ್‌ಬಾಯಿಯ ಹಳೆಯ ಸಿನಿಮಾ ಹಾಡುಗಳನ್ನು ಒಂದರ ಹಿಂದೆ ಒಂದು ಹಾಕುತ್ತಾ ಹೋದರು. ಆಟ ಅಲ್ಲಿಗೇ ಮುಗಿಯಿತು, ಮಿಕ್ಕ ಪ್ರಶ್ನೆಗಳನ್ನು ಯಾರೂ ಕೇಳಲಿಲ್ಲ. ನನಗೇನೂ ಬೇಜಾರಿಲ್ಲ.

ಅಂಕಿತದ ಒಗಟು ನಮ್ಮವರಿಗೆ ಬೇಗ ಹಿಡಿಸುತ್ತದೆ. ಕೂಡಲಸಂಗಮದೇವ ಅಂದರೆ ಬಸವಣ್ಣ, ಪುರಂದರ ವಿಠಲ ಅಂದರೆ ಪುರಂದರದಾಸರು. ಇದು ಚಿಕ್ಕಂದಿನಿಂದ ಗೊತ್ತು. ಹಿಂದುಸ್ತಾನಿಯ ಖಯಾಲ್ ಗಾಯನದ ಬಂದಿಶ್‌ಗಳಲ್ಲೂ, ಅಂದರೆ ಕಟ್ಟಿದ ಹಾಡುಗಳಲ್ಲೂ, ಅದೇ ಪದ್ಧತಿ ಇದೆ. ಸದಾರಂಗ್ ಅಂದರೆ ನಿಯಾಮತ್ ಖಾನ್, ದೆಹಲಿಯ ಮಹಮ್ಮದ್ ಶಾಹನ ಆಸ್ಥಾನದವರು. ಪ್ರೇಮಪಿಯಾ ಅಂದರೆ ಆಗ್ರಾದ ಫೈಯಾಜ್ ಖಾನ್. ಸಬರಂಗ್ ಅಂದರೆ ಬಡೇ ಗುಲಾಮ್ ಅಲಿ ಖಾನ್. ಗುಣಿದಾಸ್ ಅಂದರೆ ಜಗನ್ನಾಥಬುವಾ ಪುರೋಹಿತ್. ಹೆಸರು ಹೊಂದಿಸಿ ಬರೆಯಿರಿ ಅಂತ ಕೊಟ್ಟರೆ ಶಾಲೆಯ ಪರೀಕ್ಷೆ ಆಗುತ್ತದೆ. ನಾನು ಅಂತರಾ, ಅಂದರೆ ಬಂದಿಶ್‌ನ ಎರಡನೇ ಭಾಗದ ತುಣುಕು ಕೇಳಿಸುತ್ತೇನೆ, ಅಂಕಿತ ಸಾಮಾನ್ಯವಾಗಿ ಬರುವುದು ಅಲ್ಲೇ. ಹಾಡಿನ ಒಳಗೆ ಅಡಗಿರುವ ಹೆಸರನ್ನು ಕಿವಿಯಿಂದ ಹೆಕ್ಕಿ ತೆಗೆಯಿರಿ ಅನ್ನುತ್ತೇನೆ. ತಾನಿನ (ಸ್ವರಗಳ ವೇಗದ ಓಟದ) ನಡುವೆ ‘ಸದಾರಂಗ’ ಎಳೆದಾಡಿ ಹೋಗಿರುತ್ತದೆ. ಎಷ್ಟೋ ವರ್ಷ ಕೇಳಿದ ಬಂದಿಶ್‌ನಲ್ಲಿ ಅದು ಇತ್ತು ಅಂತಲೇ ಗೊತ್ತಿರುವುದಿಲ್ಲ.

ಪೇಟಿಯ ಬಗ್ಗೆ ಒಂದು ಪ್ರಶ್ನೆ ಹಾಕಿದ್ದೆ. 1940ರಲ್ಲಿ ಆಕಾಶವಾಣಿ ಹೊರಗೆ ಹಾಕಿದ, 1971ರಲ್ಲಿ ಮತ್ತೆ ಒಳಗೆ ಬಿಟ್ಟುಕೊಂಡ ವಾದ್ಯ ಯಾವುದು? ಉತ್ತರ ಬೆಳಗಾವಿಯವರಿಗೆ ನೀರು ಕುಡಿದಷ್ಟು ಸುಲಭ. ಇದು ಪೇಟಿ ವಾದಕ ರಾಮಭಾವು ವಿಜಾಪುರೆ ಅವರ ಊರು. ಆದರೆ ನಾನು ಪ್ರಶ್ನೆಯ ಜೊತೆ ಒಂದು ಬಾಲ ಕಟ್ಟಿದ್ದೆ: ಹೊರಗೆ ಹಾಕಿದ್ದು ಸರಿಯಾ? ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಬರುವುದಿಲ್ಲ, ಶ್ರುತಿಗಳು ಗಟ್ಟಿಯಾಗಿ ಕೂತುಬಿಟ್ಟಿವೆ, ದರ್ಬಾರಿ ರಾಗದ ಗಾಂಧಾರ (ಗ ಸ್ವರ) ಹೇಗೆ ತೂಗಿಸುತ್ತೀರಿ ಅಂತ ಒಂದು ಕಡೆ. ಪೇಟಿ ಇಲ್ಲದೆ ನಮ್ಮ ಭಾಗದಲ್ಲಿ ಯಾರು ಸಂಗೀತ ಕಲಿತಿದ್ದಾರೆ ತೋರಿಸಿ ಅಂತ ಇನ್ನೊಂದು ಕಡೆ. ನಾನು ಯಾವ ಕಡೆ ಅಂತ ಹೇಳಬೇಕಾಗಿಲ್ಲ.

ಇನ್ನು ಕೇಳಿಸುವ ಒಗಟುಗಳು. ನಿಜವಾದ ಆಟ ಇಲ್ಲೇ ಇರುವುದು, ಕೆಲಸವೂ ಇಲ್ಲೇ ಜಾಸ್ತಿ.

ತುಣುಕನ್ನು ಎಲ್ಲಿ ಕತ್ತರಿಸುತ್ತೇವೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಭೂಪ್ ಮತ್ತು ದೇಶಕಾರ್ ರಾಗಗಳನ್ನು ತಗೊಳ್ಳಿ. ಎರಡಕ್ಕೂ ಅವೇ ಐದು ಸ್ವರ: ಸ ರಿ ಗ ಪ ಧ. ಭೂಪ್ ಸಂಜೆಯದು, ಗಾಂಧಾರದ ಮೇಲೆ ನಿಲ್ಲುತ್ತದೆ. ದೇಶಕಾರ್ ಬೆಳಗಿನದು, ಧೈವತ (ಧ) ಹಿಡಿದು ಮೇಲಿನ ಅರ್ಧದಲ್ಲೇ ಓಡಾಡುತ್ತದೆ. ದ್ರುತ್‌ನ (ವೇಗದ ಲಯದ) ತಾನ್ ಕತ್ತರಿಸಿ ಯಾವ ರಾಗ ಅಂತ ಕೇಳಿದರೆ ಅದು ಅನ್ಯಾಯ, ತಾನಿನಲ್ಲಿ ಯಾವ ಸ್ವರವೂ ನಿಲ್ಲುವುದಿಲ್ಲವಲ್ಲ. ಹಾಡುವವರು ಉಸಿರು ಎಳೆದುಕೊಳ್ಳುವ ಮುಂಚೆ ಕೊನೆಗೆ ಎಲ್ಲಿ ನಿಂತರು, ಆ ಜಾಗ ತುಣುಕಿನಲ್ಲಿ ಇರಲೇಬೇಕು. ಅರ್ಧ ನಿಮಿಷ ಸಾಕು. ಮಾರವಾ, ಪೂರಿಯಾ, ಸೋಹನಿ ಮೂರನ್ನೂ ಹೀಗೇ ಬಳಸಬಹುದು. ಮೂರಕ್ಕೂ ಕೋಮಲ (ತಗ್ಗಿಸಿದ) ರಿಷಭ (ರಿ), ತೀವ್ರ (ಏರಿಸಿದ) ಮಧ್ಯಮ (ಮ) ಇವೆ, ಪಂಚಮ (ಪ) ಇಲ್ಲ. ಸೋಹನಿ ಮೇಲಿನ ಷಡ್ಜದ (ಸ) ಸುತ್ತ ಇರುತ್ತದೆ, ಬೇಗ ಸಿಕ್ಕಿಬೀಳುತ್ತದೆ. ಪೂರಿಯಾ ಮಂದ್ರಕ್ಕೆ (ಕೆಳಗಿನ ಸ್ಥಾಯಿಗೆ) ಇಳಿದು ಗಾಂಧಾರ, ನಿಷಾದಗಳನ್ನು (ನಿ) ಹಿಡಿಯುತ್ತದೆ. ಮಾರವಾ ರಿಷಭ ಧೈವತಗಳ ಮೇಲೆ ನಿಂತು ಷಡ್ಜಕ್ಕೆ ಬರಲು ಸತಾಯಿಸುತ್ತದೆ. ಆ ಸತಾಯಿಸುವುದು ಕೇಳಿಸುವಷ್ಟು ಉದ್ದ ಬಿಡಬೇಕು.

ಹಾಡು ಗುರುತಿಸುವ ಆ್ಯಪ್‌ಗಳ ಕಾಟ ಒಂದಿದೆ. ಪ್ರಸಿದ್ಧ ರೆಕಾರ್ಡ್ ಹಾಕಿದರೆ ಕ್ಷಣದಲ್ಲಿ ಹೆಸರು ಸಮೇತ ತೋರಿಸುತ್ತವೆ. ಅದಕ್ಕೆ ಅರ್ಧ ತುಣುಕುಗಳನ್ನು ನಾನೇ ಪೇಟಿಯಲ್ಲಿ ಬಾರಿಸಿ ರೆಕಾರ್ಡ್ ಮಾಡುತ್ತೇನೆ. ನನ್ನ ಪೇಟಿ ಇನ್ನೂ ಯಾವ ಆ್ಯಪ್‌ಗೂ ಪರಿಚಯ ಆಗಿಲ್ಲ. ಬೇರೆಯವರ ರೆಕಾರ್ಡಿಂಗ್ ಆದರೆ ಆಡಾಸಿಟಿ ಅನ್ನುವ ಸಾಫ್ಟ್‌ವೇರ್‌ನಲ್ಲಿ ಕತ್ತರಿಸುತ್ತೇನೆ, ಅದು ಪುಕ್ಕಟೆ ಸಿಗುತ್ತದೆ. ಫೈಲಿನ ಹೆಸರು ಬದಲಿಸಿದರೆ ಸಾಲದು. ಒಳಗಿನ ಟೈಟಲ್, ಆರ್ಟಿಸ್ಟ್ ವಿವರವನ್ನೂ ಅಳಿಸಬೇಕು. ಇಲ್ಲದಿದ್ದರೆ ಬಾರಿಸುವಾಗ ಫೋನಿನ ಪರದೆಯ ಮೇಲೆ ಉತ್ತರ ಓಡುತ್ತಿರುತ್ತದೆ.

ತಿಂಗಳಿಗೊಮ್ಮೆ ಜೂಮ್‌ನಲ್ಲಿ ಎಲ್ಲರೂ ಸೇರುತ್ತೇವೆ. ಅಲ್ಲಿ ಬೇರೆ ತಲೆನೋವು. ಗದ್ದಲ ತಗ್ಗಿಸುವ ವ್ಯವಸ್ಥೆಗೆ ತಂಬೂರಿಯ ನಾದ ಫ್ಯಾನಿನ ಸದ್ದಿನಂತೆ ಕೇಳಿಸುತ್ತದೆ, ನುಂಗಿಹಾಕುತ್ತದೆ. ಆಡಿಯೋ ಸೆಟ್ಟಿಂಗ್‌ನಲ್ಲಿ ‘ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್’ ಅಂತ ಇದೆ, ಅದನ್ನು ಹಾಕಿಕೊಳ್ಳಬೇಕು. ತುಣುಕನ್ನು ಮೈಕಿನ ಮುಂದೆ ಹಿಡಿಯುವ ಬದಲು ಪರದೆ ಹಂಚುವಾಗ ‘ಶೇರ್ ಸೌಂಡ್’ ಒತ್ತಿದರೆ ಸ್ವಚ್ಛವಾಗಿ ಹೋಗುತ್ತದೆ.

ತಂಬೂರಿ ಅಂದ ಕೂಡಲೇ ನನ್ನ ಅಚ್ಚುಮೆಚ್ಚಿನ ಒಗಟು ನೆನಪಾಯಿತು. ಹಾಡೇ ಇಲ್ಲ, ಬರೀ ತಂಬೂರಿ ಕೇಳಿಸುತ್ತೇನೆ. ಕೆಳಗೆ ನಾಲ್ಕು ರಾಗದ ಹೆಸರು: ಯಮನ್, ಮಾಲಕೌಂಸ್, ಮಾರವಾ, ಭೂಪ್. ಈ ತಂಬೂರಿಗೆ ಹಾಡುವವರು ಯಾವುದನ್ನು ಎತ್ತಿಕೊಳ್ಳಬಹುದು? ಮೊದಲ ತಂತಿ ಪಂಚಮ ಆದರೆ ಯಮನ್, ಭೂಪ್. ಮಾಲಕೌಂಸ್‌ಗೆ ಪಂಚಮ ಇಲ್ಲ, ಮಧ್ಯಮಕ್ಕೆ ಶ್ರುತಿ ಮಾಡುತ್ತಾರೆ. ಮಾರವಾಕ್ಕೆ ಪಂಚಮವೂ ಇಲ್ಲ, ಶುದ್ಧ ಮಧ್ಯಮವೂ ಇಲ್ಲ, ಸಾಮಾನ್ಯವಾಗಿ ನಿಷಾದ. ಫೋನಿನ ತಂಬೂರಿ ಆ್ಯಪ್‌ನಲ್ಲೇ ಇದನ್ನು ತಯಾರು ಮಾಡಬಹುದು. ಹತ್ತಾರು ವರ್ಷ ಕಚೇರಿ ಕೇಳಿದವರೂ ತಂಬೂರಿಯ ಮೊದಲ ತಂತಿಗೆ ಕಿವಿ ಕೊಟ್ಟಿರುವುದಿಲ್ಲ. ಈ ಒಗಟು ಹಾಕಿದ ಮೇಲೆ ಕಾಕಾ ಫೋನ್ ಮಾಡಿ, "ಈಗ ಕಚೇರಿ ಶುರು ಆಗೋಕ್ಕಿಂತ ಮೊದಲೇ ರಾಗ ಹುಡುಕಾಕ ಹತ್ತೀನಿ, ಪಕ್ಕದವರು ಸುಮ್ನ ಕೂಡ್ರಿ ಅಂತಾರ" ಅಂದರು.

ತಾಳದ ಒಗಟಿಗೆ ಉತ್ತರವನ್ನು ಬರೆದು ಕಳಿಸಬಾರದು, ಕೈ ತಟ್ಟಿ ವಾಯ್ಸ್ ಮೆಸೇಜ್ ಕಳಿಸಬೇಕು. ರೂಪಕ್ ತಾಳ ಹಾಕಿದಾಗ ಮಜಾ ನೋಡಬೇಕು. ಏಳು ಮಾತ್ರೆ, ಸಮ್ (ಮೊದಲ ಮಾತ್ರೆ) ಬೀಳುವ ಜಾಗದಲ್ಲೇ ಖಾಲಿ, ಅಂದರೆ ಚಪ್ಪಾಳೆ ಇಲ್ಲ. ಚಪ್ಪಾಳೆ ಬರುವುದು ನಾಲ್ಕನೇ ಮತ್ತು ಆರನೇ ಮಾತ್ರೆಗೆ. ಅಂದರೆ ಸರಿ ಉತ್ತರದಲ್ಲಿ ಸಮ್ ಕೇಳಿಸಲೇಬಾರದು. ಎಲ್ಲರೂ ಸಮ್ ಮೇಲೆ ಜೋರಾಗಿ ತಟ್ಟಿ ಕಳಿಸಿದ್ದರು. ಬೈಲಹೊಂಗಲದ ಹುಡುಗ ಮಾತ್ರ ಅಲ್ಲಿ ಖಾಲಿ ಬಿಟ್ಟಿದ್ದ.

ನಿಯಮಗಳು ಜಾಸ್ತಿ ಇಲ್ಲ. ಉತ್ತರವನ್ನು ಗುಂಪಿನಲ್ಲಿ ಹಾಕಬಾರದು, ಪ್ರಶ್ನೆ ಹಾಕಿದವರಿಗೆ ಬೇರೆಯಾಗಿ ಕಳಿಸಬೇಕು. ಇಲ್ಲದಿದ್ದರೆ ಚುರುಕಾದ ಇಬ್ಬರೇ ಆಡುತ್ತಾರೆ. ಹೇಗೆ ಗೊತ್ತಾಯಿತು ಅಂತ ಒಂದು ಸಾಲು ಬರೆಯಬೇಕು. ಅಂಕ ಅದಕ್ಕೇ. ಕಾರಣ ಚೆನ್ನಾಗಿದ್ದರೆ ತಪ್ಪು ಉತ್ತರಕ್ಕೂ ಅರ್ಧ ಅಂಕ ಕೊಡುತ್ತೇನೆ, ಬರೀ ‘ಗೂಗಲ್’ ಅಂದರೆ ಸೊನ್ನೆ. ಎರಡನೇ ಉತ್ತರವೂ ಸರಿ ಅನ್ನುವವರು ಒಂದು ರೆಕಾರ್ಡಿಂಗ್ ತೋರಿಸಬೇಕು. ಶುದ್ಧ ಕಲ್ಯಾಣ ರಾಗದಲ್ಲಿ ನಿಷಾದ ಎಷ್ಟು ಕಾಣಿಸಬೇಕು ಅನ್ನುವಂಥ ವಿಷಯ ಘರಾಣೆಯಿಂದ ಘರಾಣೆಗೆ ಬದಲಾಗುತ್ತದೆ. ಅಲ್ಲಿ ನಾನು ತೀರ್ಪು ಕೊಡಲು ಹೋಗುವುದಿಲ್ಲ.

ಬೆಂಗಳೂರಿನ ಅಕ್ಕ ಸೇರಿದ ಮೇಲೆ ಹೆಸರಿನ ಗೊಂದಲ ಹೊಸದಾಗಿ ಶುರುವಾಯಿತು. ಅವರ ಹಿಂದೋಳ ನಮ್ಮ ಹಿಂದುಸ್ತಾನಿಯ ಮಾಲಕೌಂಸ್. ನಮ್ಮ ಹಿಂದೋಲ್‌ನಲ್ಲಿ ತೀವ್ರ ಮಧ್ಯಮ, ಅದು ಬೇರೆಯೇ ರಾಗ. ಅವರ ತೋಡಿ ನಮಗೆ ಭೈರವಿಯ ಸ್ವರಗಳು. ನಮ್ಮ ತೋಡಿ ಅವರಿಗೆ ಶುಭಪಂತುವರಾಳಿ. ಈಗ ಅವರೂ ನಾನೂ ಸೇರಿ ಪ್ರಶ್ನೆ ಕಟ್ಟುತ್ತೇವೆ. ಹಂಸಧ್ವನಿ ರಾಗವನ್ನು ಕಟ್ಟಿದ ರಾಮಸ್ವಾಮಿ ದೀಕ್ಷಿತರಿಂದ ಹಿಡಿದು, ಅದಕ್ಕೆ ಹಿಂದುಸ್ತಾನಿ ಬಂದಿಶ್ ಕಟ್ಟಿದ ಭೇಂಡಿಬಜಾರ್ ಘರಾಣೆಯ ಅಮಾನ್ ಅಲಿ ಖಾನರ ತನಕ ಒಂದು ಸರಣಿ ಮಾಡಿದೆವು. ಎರಡೂ ಕಡೆಯವರು ಆಡಿದರು.

ನೀವೂ ಶುರು ಮಾಡುವುದಾದರೆ ನಾಲ್ಕು ಜನ ಸಾಕು, ಮನೆಯಲ್ಲಿ ಒಂದು ಪೇಟಿ ಇದ್ದರೆ ಇನ್ನೂ ಒಳ್ಳೆಯದು. ಕಪ್ಪು ಪಟ್ಟಿಗಳನ್ನು ಮಾತ್ರ ಒತ್ತಿ ಐದು ರಾಗ ಹುಡುಕಿ ಅಂತ ಕೊಡಿ. ಎರಡು ಕಪ್ಪು ಪಟ್ಟಿಗಳ ಗುಂಪಿನಿಂದ ಒಂದು, ಎರಡು ಅಂತ ಎಣಿಸಿಕೊಳ್ಳಿ. ಕಪ್ಪು ಮೂರನ್ನು ಷಡ್ಜ ಮಾಡಿದರೆ ಭೂಪ್. ಕಪ್ಪು ನಾಲ್ಕರಿಂದ ಮಧ್ಯಮಾದ್ ಸಾರಂಗ. ಕಪ್ಪು ಐದರಿಂದ ಮಾಲಕೌಂಸ್. ಕಪ್ಪು ಒಂದರಿಂದ ದುರ್ಗಾ. ಕಪ್ಪು ಎರಡರಿಂದ ಧಾನಿ. ಪಟ್ಟಿ ಅವೇ, ಷಡ್ಜ ಮಾತ್ರ ಬೇರೆ. ಇದಕ್ಕೇ ಮೂರ್ಛನಾ ಅನ್ನುವುದು. ಏನೂ ಕಲಿಯದ ಹುಡುಗರೂ ಒತ್ತಿ ನೋಡಬಹುದು.

ಬಿಳಿ ಪಟ್ಟಿಗಳಲ್ಲೂ ಇದೇ ಆಟ ಆಡಿ. ಏಳು ಪಟ್ಟಿ, ಒಂದೊಂದನ್ನೂ ಷಡ್ಜ ಮಾಡಿಕೊಳ್ಳುತ್ತ ಹೋದರೆ ಸಂಗೀತ ವಿದ್ವಾಂಸ ಭಾತಖಂಡೆಯವರ ಹತ್ತು ಥಾಟ್‌ಗಳಲ್ಲಿ (ರಾಗಗಳನ್ನು ವಿಂಗಡಿಸುವ ಏಳು ಸ್ವರಗಳ ಸಾಲು) ಆರು ಸಿಗುತ್ತವೆ. ಒಂದು ಪಟ್ಟಿ ಮಾತ್ರ ಕೈಕೊಡುತ್ತದೆ. ಯಾವುದು, ಯಾಕೆ? ಭಾನುವಾರದ ತನಕ ಸಮಯ ಇದೆ.