ಮೂರು ಕಾಲದ ಮೂರು ಬ್ರೋಚ್ ಮಾಡಿದ ನನ್ನ ಅನುಭವ

ನಾನು ಅಕ್ಕಸಾಲಿ. ಬ್ರೋಚ್ ಎಂದರೆ ಬಟ್ಟೆಗೆ ಸಿಕ್ಕಿಸುವ ಪಿನ್ನಿನ ಒಡವೆ. ಹಿಂದೆ ಇಂಗ್ಲೆಂಡಿನಲ್ಲಿದ್ದ ಆಂಗ್ಲೋ-ಸ್ಯಾಕ್ಸನ್ ಜನರ ಬ್ರೋಚ್‌ಗಳೆಂದರೆ ನನಗೆ ಬಹಳ ಇಷ್ಟ. 6ನೇ ಶತಮಾನದ ಉದ್ದನೆಯ ಕಂಚಿನ ಬ್ರೋಚ್ ಹೋಗಿ 7ರಲ್ಲಿ ದುಂಡಗಿನ ಚಿನ್ನದ್ದು, 9ರಲ್ಲಿ ಬೆಳ್ಳಿಯದ್ದು ಬಂತು. ಯಾಕೆ ಅಂತ ಕೈಯಿಂದಲೇ ತಿಳಿಯೋಣ ಎಂದು ಮೂರನ್ನೂ ಅದೇ ಕ್ರಮದಲ್ಲಿ ಮಾಡಿದೆ.

ಕಂಚಿನದು ಸುಲಭ. ಮೇಣದ ಮಾದರಿ, ಮಣ್ಣಿನ ಅಚ್ಚು, ಎರಕ. ಆ ಕಾಲದ ಹೆಂಗಸರು ಕೊಳವೆಯಂಥ ಉಡುಪನ್ನು ಎರಡೂ ಭುಜದ ಮೇಲೆ ಸಿಕ್ಕಿಸಿಕೊಳ್ಳುತ್ತಿದ್ದರು, ಹಾಗಾಗಿ ಬ್ರೋಚ್ ಜೋಡಿ ಬೇಕಿತ್ತು. ಮುಂದೆ ಆ ಉಡುಪು ಹೋಯಿತು, ಎದೆಯ ಮೇಲೆ ಒಂದೇ ಸಾಕಾಯಿತು. ಸಿರಿವಂತರು ಚಿನ್ನವನ್ನೆಲ್ಲ ಆ ಒಂದಕ್ಕೇ ಹಾಕಿಸಿದರು ಅಂತ ನನಗನ್ನಿಸುತ್ತದೆ.

ಎರಡನೆಯದಕ್ಕೆ ಇಂಗ್ಲೆಂಡಿನ ಕೆಂಟ್‌ನಲ್ಲಿ 1771ರಲ್ಲಿ ಸಿಕ್ಕ ಕಿಂಗ್‌ಸ್ಟನ್ ಬ್ರೋಚ್ ನನ್ನ ಮಾದರಿ. ಅದರ ಒಂದು ಚಿಕ್ಕ ಭಾಗವನ್ನಷ್ಟೇ ಮಾಡಿದೆ, ಅದಕ್ಕೇ ಜಾಸ್ತಿ ಸಮಯ ಹಿಡಿಯಿತು. ತೆಳು ಚಿನ್ನದ ಪಟ್ಟಿಗಳನ್ನು ತಟ್ಟೆಯ ಮೇಲೆ ನಿಲ್ಲಿಸಿ, ಬೆಸೆದು, ಪುಟ್ಟ ಪುಟ್ಟ ಮನೆ ಕಟ್ಟಬೇಕು. ಆಮೇಲೆ ಪ್ರತಿ ಮನೆಯ ಅಳತೆಗೆ ಗಾರ್ನೆಟ್ ಎಂಬ ಕೆಂಪು ಹರಳನ್ನು ಚಪ್ಪಟೆಯಾಗಿ ಉಜ್ಜಬೇಕು. ತಳಕ್ಕೆ ಜೇನುಮೇಣ, ಸೀಮೆಸುಣ್ಣದ ಮೆತ್ತೆ. ಅದರ ಮೇಲೆ, ಹರಳಿನ ಕೆಳಗೆ, ಚಿನ್ನದ ಹಾಳೆ.

ಈ ಹಾಳೆಯಲ್ಲೇ ಅವರ ಜಾಣ್ಮೆ ಇರುವುದು. ನಮ್ಮಲ್ಲೂ ಹರಳಿನ ಕೆಳಗೆ ಹಾಳೆ ಇಡುತ್ತೇವೆ, ಆದರೆ ನಯವಾದದ್ದು. ಅವರು ಹಾಳೆಯ ಮೇಲೆ ಬಲೆಯಂತೆ ಸಣ್ಣ ಚೌಕ ಒತ್ತುತ್ತಿದ್ದರು. ನಾನು ಕಂಚಿನ ತುಂಡಿನಲ್ಲಿ ಗೆರೆ ಕೊರೆದು, ಅದರ ಮೇಲೆ ಹಾಳೆಯಿಟ್ಟು ಉಜ್ಜಿದೆ. ನಯವಾದ ಹಾಳೆಯ ಮೇಲೆ ಗಾರ್ನೆಟ್ ಒಂದು ಕೋನದಿಂದ ಹೊಳೆದು, ಇನ್ನೊಂದರಿಂದ ಕಪ್ಪಾಗಿ ಕಾಣುತ್ತದೆ. ಚೌಕದ ಹಾಳೆ ಇಟ್ಟರೆ ಹೇಗೆ ತಿರುಗಿಸಿದರೂ ಒಳಗಿನಿಂದ ಕೆಂಪು ಎದ್ದು ಬರುತ್ತದೆ. ಎಂಥ ಕೆಲಸ ಅಲ್ವಾ!

5, 6ನೇ ಶತಮಾನದಲ್ಲಿ ಯೂರೋಪಿನ ಅಕ್ಕಸಾಲಿಗಳು ಬಳಸಿದ ಗಾರ್ನೆಟ್‌ನಲ್ಲಿ ಬಹಳಷ್ಟು ಭಾರತ, ಶ್ರೀಲಂಕಾದಿಂದ ಹೋದದ್ದು ಅಂತ ಪರೀಕ್ಷೆಗಳು ತೋರಿಸಿವೆ. ಆಮೇಲೆ ಆ ದಾರಿ ಬತ್ತಿತು. ಬೊಹೀಮಿಯಾದ (ಇಂದಿನ ಚೆಕ್ ದೇಶದ ಭಾಗ) ಚಿಕ್ಕ ಹರಳು ಬಂತು. ಚಿನ್ನವೂ ವಿರಳವಾಯಿತು. ಹರಳು, ಚಿನ್ನ ಎರಡೂ ಇಲ್ಲದಿದ್ದರೆ ಈ ಮನೆ ಕಟ್ಟುವ ಕೆಲಸ ನಡೆಯುವುದಾದರೂ ಹೇಗೆ?

ಹಾಗೆ ಮೂರನೆಯದು ಬೆಳ್ಳಿಯ ಬಿಲ್ಲೆ. ಇಲ್ಲಿ ಬಣ್ಣವಿಲ್ಲ, ಚಿತ್ರವೆಲ್ಲ ಉಳಿಯ ಗೆರೆಯಲ್ಲಿ. ಕೊರೆದ ಜಾಗಕ್ಕೆ ನಿಯೆಲ್ಲೊ ಎಂಬ ಕಪ್ಪು ತುಂಬಬೇಕು. ಬೆಳ್ಳಿಯನ್ನು ಗಂಧಕದ ಜೊತೆ ಕಾಯಿಸಿ ಅದನ್ನು ಮಾಡಿಕೊಂಡೆ. ಹೊಗೆ ಕೆಟ್ಟದ್ದು, ಬಯಲಲ್ಲೇ ಮಾಡಬೇಕು. ಇದನ್ನು ನೀರಾಗುವ ತನಕ ಕಾಯಿಸುವಂತಿಲ್ಲ, ಗಂಧಕ ಹಾರಿಹೋಗಿ ಕೆಡುತ್ತದೆ. ಮೆತ್ತಗಾದಾಗ ಒತ್ತಿ ತುಂಬಿ, ಆರಿದ ಮೇಲೆ ಅರದಿಂದ ಮಟ್ಟ ಮಾಡಿದೆ. ಸೀಸ ಬೆರೆಸಿದರೆ ಸಲೀಸಾಗಿ ಹರಿಯುತ್ತದೆ, ಆದರೆ ಅದು ನಂತರದ ಕಾಲದ ಪದ್ಧತಿ.

ಬ್ರಿಟಿಷ್ ಮ್ಯೂಸಿಯಂನಲ್ಲಿರುವ 9ನೇ ಶತಮಾನದ ಫುಲ್ಲರ್ ಬ್ರೋಚ್ ಇದೇ ಕೆಲಸದ್ದು. ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮ ಐದರ ಅರಿವನ್ನೂ ಮನುಷ್ಯರೂಪದಲ್ಲಿ ಕೊರೆದಿದ್ದಾರೆ. ಅತಿ ಚೆನ್ನಾಗಿ ಉಳಿದಿದೆ ಎಂಬ ಕಾರಣಕ್ಕೇ ಒಂದು ಕಾಲದಲ್ಲಿ ಅದನ್ನು ನಕಲಿ ಎಂದಿದ್ದರು. ಅದು ಅಸಲಿ ಎನ್ನಲು ಸಿಕ್ಕ ಸಾಕ್ಷಿಗಳಲ್ಲಿ ಒಂದು ಈ ಸೀಸವಿಲ್ಲದ ಕಪ್ಪು.