ಗಟ್ಟಿಯಾಗಿ ಓದಲು ಯಾವ ಕತೆ?

ಕನ್ನಡದ ಒಳ್ಳೆಯ ಹಳೆಯ ಕತೆ ಹೇಳಿ ಎಂದವರಿಗೆ ಪಟ್ಟಿ ಕೊಡುವುದನ್ನು ಬಿಟ್ಟಿದ್ದೇನೆ. ಒಂದೇ ಒಂದು ಕತೆ ಹೇಳಿ, ಮನೆಯಲ್ಲಿ ಯಾರಿಗಾದರೂ ಗಟ್ಟಿಯಾಗಿ ಓದಿ ಅನ್ನುತ್ತೇನೆ. ಸಾಧಾರಣ ಅಳತೆಯ ಪುಸ್ತಕವಾದರೆ ಪುಟಕ್ಕೆ ಎರಡೂವರೆ, ಮೂರು ನಿಮಿಷ ಹಿಡಿಯುತ್ತದೆ. ಹನ್ನೆರಡು ಪುಟ ದಾಟಿತೋ, ಕೇಳುವವರ ಕೈ ಫೋನಿನತ್ತ ಹೋಗುತ್ತದೆ. ‘ಸುಬ್ಬಣ್ಣ’, ‘ಘಟಶ್ರಾದ್ಧ’ದಂಥ ಉದ್ದನೆಯವನ್ನು ಮೊದಲಿಗೇ ಕೊಡದಿರುವುದು ಅದಕ್ಕೇ.

ಶುರುವಿಗೆ ಮಾಸ್ತಿಯವರ ‘ಮೊಸರಿನ ಮಂಗಮ್ಮ’. ಕಾಲಾನುಕ್ರಮ ಹಿಡಿದವರು ಅವರ ‘ರಂಗಪ್ಪನ ಮದುವೆ’ ಕೊಡುತ್ತಾರೆ. ಅಲ್ಲಿ ರಂಗ ಬರುವ ಮುಂಚೆ ನಕ್ಷೆಯಲ್ಲಿಲ್ಲದ ಹೊಸಹಳ್ಳಿ, ನೆತ್ತಿಗೇರುವ ಹುಳಿಯ ಮಾವಿನಕಾಯಿ ಎಂದು ಮಾತು ಊರೆಲ್ಲ ಸುತ್ತುತ್ತದೆ. ಸೊಗಸಿರುವುದೇ ಆ ಸುತ್ತಾಟದಲ್ಲಿ, ನಿಜ. ಆದರೆ ಪಳಗದ ದನಿಗೆ ಅದು ದಕ್ಕುವುದಿಲ್ಲ. ಮಂಗಮ್ಮನದು ಮೊಸರು ಕೊಡಲು ಬಂದವಳು ಮನೆಯಾಕೆಯ ಮುಂದೆ ತೋಡಿಕೊಳ್ಳುವ ಮಾತು, ನಾಲಿಗೆಗೆ ತಾನಾಗಿ ಬರುತ್ತದೆ. ಎಲ್ಲರೂ ಎಡವುವುದು ಒಂದೇ ಕಡೆ: ಅವಳನ್ನು ಅಳುಮುಂಜಿ ಮಾಡಿಬಿಡುತ್ತಾರೆ. ಮಗ ಸೊಸೆಯಿಂದ ಬೇರೆಯಾದ ಮೇಲೆ ಮಖಮಲ್ಲಿನ ರವಿಕೆ ಹೊಲಿಸಿಕೊಂಡ ಹೆಂಗಸು ಅವಳು. ದನಿಯಲ್ಲಿ ಬಿಗುಮಾನ ಇರಲಿ. ಮುಗಿದ ಮೇಲೆ ನೀತಿಯೇನು ಎಂದು ಕೇಳಬೇಡಿ, ಅತ್ತೆ ಸರಿಯೋ ಸೊಸೆ ಸರಿಯೋ ಎಂದು ಕೇಳಿ. ಕಾಫಿ ಆರುವವರೆಗೂ ಮಾತು ನಿಲ್ಲುವುದಿಲ್ಲ.

ಆಮೇಲೆ ಕೊಡಗಿನ ಗೌರಮ್ಮನವರ ‘ವಾಣಿಯ ಸಮಸ್ಯೆ’. 1939ರಲ್ಲಿ, ಇನ್ನೂ 27ರ ಹರೆಯದಲ್ಲೇ ತೀರಿಹೋದವರು ಎಂಬುದನ್ನು ಓದಿದ ಮೇಲೆ ಹೇಳಿ. ಮೊದಲೇ ಹೇಳಿದರೆ ಕತೆಯ ಬದಲು ಅನುಕಂಪವನ್ನು ಓದಿಸಿದಂತಾಗುತ್ತದೆ.

ದೇವನೂರ ಮಹಾದೇವರ ‘ಅಮಾಸ’ವನ್ನು ‘ಭಾಷೆ ಕಷ್ಟ’ ಎಂದು ಪಕ್ಕಕ್ಕಿಟ್ಟವರು ಬಹಳ. ಕಣ್ಣಲ್ಲಿ ಓದಿದ್ದರ ಫಲ ಅದು. ನಂಜನಗೂಡು ಕಡೆಯ ಮಾತನ್ನು ಬಾಯಿಬಿಟ್ಟು ಓದಿದರೆ ಎರಡನೇ ಪುಟಕ್ಕೆ ಕಿವಿ ಒಗ್ಗುತ್ತದೆ. ‘ಬುಡು’ ಎಂದಿದ್ದನ್ನು ‘ಬಿಡು’ ಎಂದು ತಿದ್ದುವ ಚಾಳಿಯೊಂದನ್ನು ತಡೆದುಕೊಳ್ಳಬೇಕು. ತಿದ್ದುತ್ತಾ ಹೋದರೆ ಮಾರಿಗುಡಿಯ ಹುಡುಗ ಅಮಾಸ ಪಾಠಪುಸ್ತಕದ ಹುಡುಗನಾಗಿಬಿಡುತ್ತಾನೆ. ಹುಲಿವೇಷದ ಕುಣಿತ ಬಂದಾಗ ಓಡಿಸಬೇಡಿ, ಪೂರ್ಣವಿರಾಮ ಇದ್ದಲ್ಲೆಲ್ಲ ಉಸಿರು ತೆಗೆದುಕೊಳ್ಳಿ. ಮನೆಯಲ್ಲಿ ಆ ಸೀಮೆಯವರು ಯಾರಾದರೂ ಇದ್ದರೆ ಪುಸ್ತಕವನ್ನು ಅವರ ಕೈಗೇ ಕೊಟ್ಟುಬಿಡುವುದು ವಾಸಿ.

ತೇಜಸ್ವಿಯವರ ‘ತಬರನ ಕಥೆ’ಗೆ ತಿರುಗುಮುರುಗಾದ ಕ್ರಮ. ಪಿಂಚಣಿಗಾಗಿ ಕಚೇರಿ ಅಲೆಯುವ ಮುದುಕನ ಪಾಡು ಎಂದು ದನಿ ಒದ್ದೆ ಮಾಡಿಕೊಂಡರೆ ಕೆಟ್ಟಿತು. ಸರ್ಕಾರಿ ಕಡತ ಓದಿದಷ್ಟು ಒಣಗಾಗಿ ಓದಬೇಕು, ನಗು ಬರುವಲ್ಲಿ ನಗಲು ಬಿಡಬೇಕು. ಕಾಸರವಳ್ಳಿಯವರ ಸಿನಿಮಾ ಮೊದಲೇ ನೋಡಿದವರಿಗೆ ತಬರ ಅಂದರೆ ಚಾರುಹಾಸನ್ ಮುಖ, ಅದನ್ನು ಅಳಿಸಲಾಗದು. ಅಂಥವರಿಗೆ ತೇಜಸ್ವಿಯವರದೇ ‘ಅಬಚೂರಿನ ಪೋಸ್ಟಾಫೀಸು’ ಕೊಡುತ್ತೇನೆ. ಅದೂ ಸಿನಿಮಾ ಆಗಿದೆ, ಆದರೆ ನೋಡಿದವರು ಕಡಿಮೆ.