ಬ್ಯಾಡಗಿ ಮಾರ್ಕೆಟ್ಟಿನ ಚಾಟ್‌ಬಾಟ್‌ಗೆ ನೀತಿ ಕಲಿಸೋದು ಹೇಗೆ

ಮೆಣಸಿನಕಾಯಿ ರೈತರಿಗೆ ಕನ್ನಡದಲ್ಲೇ ಉತ್ತರ ಕೊಡೋ ಚಾಟ್‌ಬಾಟ್ ಮಾಡ್ತೀರಾ? ರೇಟು, ಮಳೆ ಹೇಳೋದು ಸುಲಭ. ಪೇಚು ಶುರುವಾಗೋದು ಇಂಥ ಪ್ರಶ್ನೆ ಬಂದಾಗ: "ಬ್ಯಾಡಗಿ ಕಾಯಿಗೆ ಸ್ವಲ್ಪ ಗುಂಟೂರು ಕಾಯಿ ಬೆರೆಸಿದ್ರ ಯಾರಿಗಿ ಗೊತ್ತಾಗತೈತ್ರಿ?"

"ಮೋಸಕ್ಕೆ ನೆರವಾಗಬೇಡ" ಅಂತ ನಾಲ್ಕು ನಿಯಮ ಬರೆದು ಸುಮ್ನೆ ಕೂತರೆ ಆಗಲ್ಲ. ನಿಯಮ ಬೇಕು. ಆದರೆ ಅದು ಎಲ್ಲಿ ಅನ್ವಯಿಸುತ್ತೆ ಅನ್ನೋದು ಯಂತ್ರಕ್ಕೆ ಉದಾಹರಣೆಯಿಂದಲೇ ತಿಳಿಯಬೇಕು.

ಹಾಗಾಗಿ ಮೊದಲು ಮಾರ್ಕೆಟ್ಟಿನ ಇಕ್ಕಟ್ಟಿನ ಪ್ರಶ್ನೆಗಳನ್ನ ಕೂಡಿಸಿ. ಒಂದೊಂದಕ್ಕೂ ಯಂತ್ರದಿಂದ ಎರಡು ಮೂರು ಉತ್ತರ ಬರೆಸಿ, ಯಾವುದು ವಾಸಿ ಅಂತ ಜನರೇ ಆರಿಸಲಿ. ಆ ಆಯ್ಕೆಗೆ ತಕ್ಕಂತೆ ಯಂತ್ರವನ್ನ ತಿದ್ದಿ. 2022ರಲ್ಲಿ ಓಪನ್‌ಎಐ ಕಂಪನಿ ಹೀಗೆ ತಿದ್ದಿದ 130 ಕೋಟಿ ಪ್ಯಾರಾಮೀಟರಿನ (ಯಂತ್ರ ಕಲಿತಿದ್ದನ್ನ ಹಿಡಿದಿಡೋ ಒಳಗಿನ ಸಂಖ್ಯೆಗಳು) ಪುಟ್ಟ ಮಾಡೆಲ್ಲಿನ ಉತ್ತರಗಳು, ಅದರದೇ 17,500 ಕೋಟಿಯ ದೊಡ್ಡ ಮಾಡೆಲ್ ಜಿಪಿಟಿ-3ರ ಉತ್ತರಗಳಿಗಿಂತ ಆರಿಸೋ ಜನರಿಗೆ ಜಾಸ್ತಿ ಹಿಡಿಸಿದವು. ಆರಿಸೋ ಕೆಲಸಕ್ಕೆ ಇದ್ದವರು ಸುಮಾರು 40 ಜನ ಅಷ್ಟೇ. ಅಂದ್ರೆ ಯಾರನ್ನ ಕೂರಿಸ್ತೀರಿ ಅನ್ನೋದೇ ಅರ್ಧ ಕೆಲಸ, ಅಲ್ವಾ? ಬರೀ ಕಾಲೇಜು ಗೆಳೆಯರನ್ನ ಕೂರಿಸಬೇಡಿ. ರೈತರು, ದಲಾಲರು, ಹಮಾಲರು, ಕಾಯಿಯ ತೊಟ್ಟು ಬಿಡಿಸೋ ಹೆಣ್ಣುಮಕ್ಕಳು, ಎಲ್ಲರೂ ಇರಲಿ, ಅವರ ಆ ದಿನದ ಕೂಲಿಯನ್ನೂ ಕೊಡಿ.

ಅವರ ಮಾತು ಒಂದಾಗೋದಿಲ್ಲ. "ಕೋಲ್ಡ್ ಸ್ಟೋರೇಜಿನಲ್ಲಿಟ್ಟ ಹೋದ ವರ್ಷದ ಕಾಯಿ ಅಂತ ಮೊದಲೇ ಹೇಳಬೇಕಾ?" ಅಂತ ಕೇಳಿ ನೋಡಿ. ಹೇಳಲೇಬೇಕು ಅಂತ ಒಬ್ಬರು, ಕೊಳ್ಳೋನು ಚೀಲ ಬಿಚ್ಚಿ ನೋಡೇ ನೋಡ್ತಾನೆ ಅಂತ ಇನ್ನೊಬ್ಬರು. ಇಲ್ಲಿ ಕೈ ಎತ್ತಿಸಿ ಎಣಿಸಬೇಡಿ. ಯಾಕೆ ಹಾಗನ್ನಿಸಿತು ಅನ್ನೋದನ್ನ ಅವರ ಮಾತಲ್ಲೇ ಬರೆದಿಡಿ. ನನ್ನ ಪ್ರಕಾರ ಬರೀ ಆಯ್ಕೆಗಿಂತ ಈ ಕಾರಣಗಳೇ ಹೆಚ್ಚು ಬೆಲೆಯ ಸರಕು. ಅದೇ 2022ರ ಕೊನೆಗೆ ಆಂಥ್ರೊಪಿಕ್ ಅನ್ನೋ ಎಐ ಕಂಪನಿ ತೋರಿಸಿದ ದಾರಿಯಲ್ಲೂ ಇವು ಕೆಲಸಕ್ಕೆ ಬರುತ್ತವೆ: ತತ್ವಗಳನ್ನ ಬರೆದುಕೊಟ್ಟು, ಯಂತ್ರ ತನ್ನ ಉತ್ತರದ ತಪ್ಪನ್ನ ತಾನೇ ಹುಡುಕಿ ಮತ್ತೆ ಬರೆಯೋ ಹಾಗೆ ಮಾಡೋದು. ಚಿಕ್ಕ ತಂಡಕ್ಕೆ ಇದು ಅಗ್ಗವೂ ಹೌದು.

ಅತಿ ಮಡಿವಂತಿಕೆಯೂ ಬೇಡ. ಗಿಡಕ್ಕೆ ನುಸಿ ಬಿದ್ದಿದೆ, ಯಾವ ಔಷಧಿ ಹೊಡೀಲಿ ಅಂತ ರೈತ ಕೇಳಿದರೆ, ವಿಷದ ವಿಷಯ ಮಾತಾಡಲ್ಲ ಅನ್ನೋ ಯಂತ್ರ ಯಾರಿಗೆ ಬೇಕು? ಅಂಥ ಪ್ರಶ್ನೆಗಳನ್ನೂ ಪಾಠದಲ್ಲಿ ಸೇರಿಸಿ. ಚೀಲಕ್ಕೆ ನೀರು ಚಿಮುಕಿಸಿ ತೂಕ ಏರಿಸೋದು ಹೇಗೆ ಅಂದರೆ ಮಾತ್ರ ಆಗಲ್ಲ ಅನ್ನಲಿ, ಜೊತೆಗೆ ಒದ್ದೆ ಕಾಯಿಗೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ವಿಷ ಸೇರಬಹುದು ಅಂತ ಕಾರಣಾನೂ ಹೇಳಲಿ.

ಪರೀಕ್ಷೆಗೆ ಪಾಠದಲ್ಲಿಲ್ಲದ ಪ್ರಶ್ನೆಗಳನ್ನ ಬೇರೆ ಇಟ್ಟುಕೊಳ್ಳಿ. ಉತ್ತರ ಬಂದ ಮೇಲೆ ಸ್ವಲ್ಪ ಗದರಿಸಿ: "ಎಲ್ಲಾರೂ ಮಾಡ್ತಾರ, ನಿನಗೇನ್ ಗೊತ್ತೈತಿ?" ತಕ್ಷಣ "ಹೌದು, ನೀವು ಹೇಳಿದ್ದೇ ಸರಿ" ಅಂದರೆ ಅದು ಕಲಿತಿದ್ದು ನೀತಿಯಲ್ಲ, ಮುಖಸ್ತುತಿ. ಮತ್ತೆ ಪಾಠಕ್ಕೆ ಕೂರಿಸಿ.

ಜನರ ಕೈಗೆ ಕೊಟ್ಟ ಮೇಲೆ ಅವರ ಮಾತಿನಿಂದ ನೇರವಾಗಿ ಕಲಿಯಲು ಬಿಡಬೇಡಿ. 2016ರಲ್ಲಿ ಮೈಕ್ರೋಸಾಫ್ಟಿನ ಟೇ ಅನ್ನೋ ಚಾಟ್‌ಬಾಟ್ ಟ್ವಿಟರ್‌ನಲ್ಲಿ ಕಿಡಿಗೇಡಿಗಳಿಂದ ಕೆಟ್ಟ ಮಾತು ಕಲಿತು, ಒಂದೇ ದಿನದಲ್ಲಿ ಬಂದ್ ಆಯ್ತು. ಹೊಸ ಪ್ರಶ್ನೆಗಳನ್ನ ಮೊದಲು ನೀವು ಓದಿ, ಅದೇ ಜನರನ್ನ ಮತ್ತೆ ಕೂರಿಸಿ, ಆಮೇಲೆ ಸೇರಿಸಿ.